‘ಖಾಮು’ ಇಲ್ಲದ ಪುಸ್ತಕ

ಮೂವತ್ತು ದಿನದಾಗ ಬಂಗಾಳಿ ಕಲಿಸುವ ಪುಸ್ತಕವೊಂದನ್ನು ಓದಿ ಮುಗಿಸಿದೆ. ಅದರಲ್ಲಿ ‘ಉಣ್ಣುವೆ’ ಅಂದರೆ ‘ಖಾಬೋ’. ಸರಿ, ಅದು ಕೋಲ್ಕತ್ತದ ಮಾತು. ನಮ್ಮ ಬೋನಾಳದ ಕಡೆಯಿಂದ ಕೃಷ್ಣೆ ದಾಟಿ ಹೋದರೆ ಸಿಂಧನೂರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು 1970ರ ದಶಕದಿಂದ ಅಲ್ಲಿನ ಕ್ಯಾಂಪುಗಳಲ್ಲಿದ್ದಾರೆ. ಪೂರ್ವ ಬಂಗಾಳದ ಆಡುಮಾತಿನಾಗ ಅದು ‘ಖಾಮು’. ಪುಸ್ತಕದಲ್ಲಿ ಅದಿಲ್ಲ. ಬಂಗಾಳಿಯಲ್ಲಿ ನೀರನ್ನೂ ‘ತಿನ್ನುತ್ತಾರೆ’ ಅನ್ನೋದೂ ಇಲ್ಲ. ರಸಗುಲ್ಲಾ ಐತಿ, ಒಣಮೀನಿನ ಶುಟ್ಕಿ ಇಲ್ಲ.

ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ‘ಉಂಡ್ರೇನ್ರಿ?’ ಕೇಳಿ ಜೊತೆಯವರು ನಕ್ಕಿದ್ದರು. ಮರುದಿನದಿಂದ ‘ಊಟ ಆಯ್ತಾ?’ ಅಂದೆ. ಈಗ ಅವ್ವನ ಫೋನಿನಾಗೂ ಅದೇ ಬರ್ತದ. ಇಂಥ ಪುಸ್ತಕಗಳು ಮಾಡೋದೂ ಇದನ್ನೇ. ವ್ಯಾಕರಣಕ್ಕೆ ಪುಸ್ತಕ ಇರಲಿ. ಮಾತು ಕಲಿಯಾಕ ಉಣ್ಣೋರ ಪಕ್ಕ ಕುಂಡ್ರಬೇಕು.