ನಾಲ್ಕು, ಮೂರು

ಇಬ್ಬರು ವೀರರು ಎದುರುಬದುರು ಕೂತು ಪಗಡೆಯಂಥ ಆಟವೊಂದರಲ್ಲಿ ಮುಳುಗಿದ್ದಾರೆ. ನಡುವೆ ಗಿಡ್ಡ ಮಣೆ. ಆಟದ ಹೊತ್ತಿನಲ್ಲೂ ಇಬ್ಬರ ಕೈಯಿಂದ ಈಟಿ ಕೆಳಗಿಳಿದಿಲ್ಲ. ಎಡಗಡೆಯವನ ಬಾಯಿಂದ ಪುಟ್ಟ ಗ್ರೀಕ್ ಅಕ್ಷರಗಳು ಹೊರಟಿವೆ: ‘ನಾಲ್ಕು’. ಬಲಗಡೆಯವನ ಬಾಯಿಂದ: ‘ಮೂರು’. ಎಡಗಡೆಯವನು ಅಕಿಲೀಸ್, ಬಲಗಡೆಯವನು ಅಜಾಕ್ಸ್. ಟ್ರಾಯ್ ಯುದ್ಧದಲ್ಲಿ ಗ್ರೀಕರ ಕಡೆಯ ಇಬ್ಬರು ಮಹಾವೀರರು.

ಈ ಚಿತ್ರವಿರುವುದು ವ್ಯಾಟಿಕನ್ ಸಂಗ್ರಹಾಲಯದ ಎರಡು ಹಿಡಿಯ ಜಾಡಿಯೊಂದರ ಮೇಲೆ. ಅದರ ಎತ್ತರ ಸುಮಾರು 61 ಸೆಂ.ಮೀ. ಕ್ರಿ.ಪೂ. 540–530ರ ಆಸುಪಾಸಿನಲ್ಲಿ ಅಥೆನ್ಸ್‌ನಲ್ಲಿ ಆದದ್ದು. ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಅಲ್ಲಿನ ಎಟ್ರುಸ್ಕನ್ನರು ಅಥೆನ್ಸ್‌ನ ಮಡಕೆಗಳನ್ನು ತರಿಸಿಕೊಂಡು ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದರು. ಇಂಥ ಎಷ್ಟೋ ಜಾಡಿಗಳು ಒಡೆದು ಹೋಗದೆ ನಮ್ಮವರೆಗೆ ಬಂದದ್ದು ಹಾಗೆ. ಜಾಡಿಯ ಅಂಚಿನಲ್ಲಿ ಒಂದು ಬರಹವಿದೆ. ತನ್ನನ್ನು ಮಾಡಿದವನೂ ಚಿತ್ರಿಸಿದವನೂ ಎಕ್ಸೆಕಿಯಾಸ್ ಎಂದು ಜಾಡಿಯೇ ಹೇಳಿಕೊಳ್ಳುತ್ತದೆ.

ಚಿತ್ರದ ಕಪ್ಪು ಬಣ್ಣ ಹಚ್ಚಿ ಬಂದದ್ದಲ್ಲ, ಬೆಂಕಿಯಿಂದ ಬಂದದ್ದು. ಅಥೆನ್ಸ್‌ನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದೇ ಮಣ್ಣನ್ನು ನೀರಲ್ಲಿ ಕದಡಿ, ನುಣುಪಾದ ತಿಳಿಯನ್ನಷ್ಟೇ ತೆಗೆದು, ಆಕೃತಿಗಳನ್ನು ಬರೆಯುತ್ತಿದ್ದರು. ಆವಿಗೆಗೆ ಮೊದಲು ಗಾಳಿ ಬಿಟ್ಟರೆ ಮಡಕೆಯೆಲ್ಲ ಕೆಂಪು. ಆಮೇಲೆ ಗಾಳಿ ಮುಚ್ಚಿ, ಹಸಿ ಸೌದೆ ಹಾಕಿ ಕಾವು ಏರಿಸಿದರೆ ಎಲ್ಲವೂ ಕಪ್ಪು. ಆಗಲೇ ತಿಳಿಯ ಲೇಪ ಕರಗಿ ಗಾಜಿನಂತೆ ಬಿಗಿಯುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ ಮಡಕೆಯ ಮೈ ಉಸಿರಾಡಿ ಕೆಂಪಿಗೆ ತಿರುಗುತ್ತದೆ. ಬಿಗಿದ ಲೇಪ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೊತ್ತು ಸ್ವಲ್ಪ ತಪ್ಪಿದರೂ ತಿಂಗಳ ಕೆಲಸ ಹಾಳು.

ಒಳಗಿನ ಗೆರೆಗಳನ್ನೆಲ್ಲ ಆವಿಗೆಗೆ ಇಡುವ ಮೊದಲೇ ಚೂಪು ಮೊನೆಯಿಂದ ಕೊರೆಯಬೇಕು. ಇಬ್ಬರ ಮೇಲುಹೊದಿಕೆಯ ಕಸೂತಿ ನೋಡಿ: ಕೂದಲೆಳೆಯಂಥ ನೂರಾರು ಗೆರೆ, ಒಂದೂ ನಡುಗಿಲ್ಲ. ಮುಂದಕ್ಕೆ ಬಾಗಿದ ಎರಡು ಬೆನ್ನುಗಳು ಜಾಡಿಯ ಹೊಟ್ಟೆಯ ಬಾಗಿಗೇ ಹೊಂದಿಕೊಂಡಿವೆ. ತಿಗರಿ ತಿರುಗಿಸಿದ ಕೈಯೇ ಚಿತ್ರವನ್ನೂ ಬರೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೋಮರನ ‘ಇಲಿಯಡ್’ನಲ್ಲಿ ಈ ಆಟದ ಪ್ರಸಂಗವಿಲ್ಲ. ಎಕ್ಸೆಕಿಯಾಸ್ ಕಾದಾಟ ಬಿಟ್ಟು ಬಿಡುವಿನ ಒಂದು ಗಳಿಗೆಯನ್ನು ಆರಿಸಿಕೊಂಡ. ಅಕಿಲೀಸನ ತಲೆಯ ಮೇಲೆ ಶಿರಸ್ತ್ರಾಣವಿದೆ. ಅಜಾಕ್ಸ್ ತನ್ನದನ್ನು ತೆಗೆದು ಹಿಂದಿನ ಗುರಾಣಿಯ ಮೇಲಿಟ್ಟಿದ್ದಾನೆ. ಹಾಗಾಗಿ ಅಕಿಲೀಸ್ ಒಂದು ಕೈ ಎತ್ತರ ಕಾಣುತ್ತಾನೆ. ಗರವೂ ಅವನಿಗೇ ಹೆಚ್ಚು. ಗ್ರೀಕರಿಗೆ ಮುಂದಿನ ಕಥೆ ಬಾಯಿಪಾಠ. ನಾಲ್ಕು ಬಿದ್ದವನು ಮೊದಲು ಸಾಯುತ್ತಾನೆ. ಮೂರು ಬಿದ್ದವನು ಅವನ ಹೆಣ ಹೊತ್ತು ತರುತ್ತಾನೆ. ಸತ್ತವನ ಆಯುಧಗಳು ಒಡಿಸ್ಯೂಸನ ಪಾಲಾಗುತ್ತವೆ. ಆ ಅವಮಾನದಲ್ಲಿ ಮತಿಗೆಟ್ಟ ಅಜಾಕ್ಸ್ ಶತ್ರುಗಳೆಂದುಕೊಂಡು ದನಕುರಿಗಳನ್ನು ಕಡಿಯುತ್ತಾನೆ. ತಿಳಿವು ಮರಳಿದಾಗ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಇದನ್ನೇ ಸೋಫೋಕ್ಲಿಸ್ ನಾಟಕ ಮಾಡಿದ. ಬಿ.ಎಂ.ಶ್ರೀ ಆ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದಾಗ ಅಜಾಕ್ಸನ ಸಂಕಟ ನಮ್ಮ ದ್ರೋಣಪುತ್ರನ ಮೈಯೇರಿತು.

ಫ್ರಾನ್ಸಿನ ಬೂಲೋನ್ ಪಟ್ಟಣದ ಸಂಗ್ರಹಾಲಯದಲ್ಲಿ ಎಕ್ಸೆಕಿಯಾಸನದೇ ಎನ್ನಲಾಗುವ ಇನ್ನೊಂದು ಜಾಡಿಯಿದೆ. ಬೇರೆ ಚಿತ್ರಕಾರರು ಕತ್ತಿಗೆ ಬಿದ್ದ ಅಜಾಕ್ಸನನ್ನು ತೋರಿಸಿದರೆ, ಇಲ್ಲಿ ಅವನಿನ್ನೂ ಬದುಕಿದ್ದಾನೆ. ಒಂದು ಕಡೆ ಒಂಟಿ ತಾಳೆಮರ, ಇನ್ನೊಂದು ಕಡೆ ಕಳಚಿಟ್ಟ ಗುರಾಣಿ, ಶಿರಸ್ತ್ರಾಣ. ಜೊತೆಗೆ ಆಡುವವನು ಯಾರೂ ಇಲ್ಲ. ಹಣೆಯ ಮೇಲೆ ಕೊರೆದ ಸುಕ್ಕುಗಳು. ಮೊಣಕಾಲು ಮಡಿಸಿ, ಕತ್ತಿಯ ಹಿಡಿಯನ್ನು ನೆಲಕ್ಕೆ ನೆಟ್ಟು, ಅದು ಅಲುಗದಂತೆ ಸುತ್ತ ಮಣ್ಣು ಒತ್ತುತ್ತಿದ್ದಾನೆ.

ನಾನು ಮತ್ತೆ ಮತ್ತೆ ನೋಡುವುದು ಆ ಕೈಗಳನ್ನು. ಅವಸರವಿಲ್ಲ, ನಡುಕವಿಲ್ಲ. ಮಣ್ಣನ್ನು ಹಾಗೆ ಮೆತ್ತಗೆ, ಜತನದಿಂದ ಒತ್ತುವುದು ಹೇಗೆಂದು ಕುಂಬಾರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.