ಶ್ರವ್ಯವೂ ದೃಶ್ಯವೂ: ಉಪನ್ಯಾಸಗಳ ವಿಡಿಯೊ ಮುದ್ರಣವನ್ನು ಕುರಿತು

ಉಪನ್ಯಾಸಗಳನ್ನು ವಿಡಿಯೊ ರೂಪದಲ್ಲಿ ಮುದ್ರಿಸಿ, ಸಂಕಲಿಸಿ, ದೂರದ ವಿದ್ಯಾರ್ಥಿಗಳಿಗೆ ತಲುಪಿಸುವ ಕಾರ್ಯವು ಕಳೆದ ಎರಡು ದಶಕಗಳಲ್ಲಿ ನಮ್ಮಲ್ಲಿ ಬಹಳ ವಿಸ್ತಾರವನ್ನು ಪಡೆದಿದೆಯಾದರೂ, ಅದರ ಗುಣದೋಷಗಳನ್ನು ತೂಗಿ ನೋಡುವ ವಿಮರ್ಶೆಯು ಅದೇ ಪ್ರಮಾಣದಲ್ಲಿ ಬೆಳೆದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐ.ಐ.ಟಿ.ಗಳೂ ಕೂಡಿ 2003ರಲ್ಲಿ ಇಂತಹ ಉಪನ್ಯಾಸಗಳನ್ನು ಒದಗಿಸುವ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದುವು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಗಳು ಅದರ ಕಾಲೇಜುಗಳನ್ನೂ, ಪ್ರಾಥಮಿಕ ಪಾಠಗಳು ಚಾಮರಾಜನಗರ ಜಿಲ್ಲೆಯ ಶಾಲೆಗಳನ್ನೂ ಮುಟ್ಟಿದುವು. 2020ರಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸೇತುಬಂಧ, ತರುವಾಯ ಸಂವೇದ ಎಂಬ ಪಾಠಕಾರ್ಯಕ್ರಮಗಳು ಮನೆಮನೆಗೆ ಬಂದುವು. ಇಂದು ಕೈಯಲ್ಲಿ ಮೊಬೈಲ್ ಉಳ್ಳ ಪ್ರತಿಯೊಬ್ಬ ಅಧ್ಯಾಪಕನೂ ಪ್ರಕಾಶಕನೇ ಆಗಿರುವುದರಿಂದ, ಚಿತ್ರದ ಗಾತ್ರವೆಷ್ಟು, ಫ್ರೇಮುಗಳೆಷ್ಟು, ಧ್ವನಿ ಎಂತಹುದು ಎಂಬ ಪ್ರಶ್ನೆಗಳನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟು ಸುಮ್ಮನಿರುವಂತಿಲ್ಲ. ಅವು ಬೋಧನೆಯ ಧರ್ಮಕ್ಕೇ ಸೇರಿದ ಪ್ರಶ್ನೆಗಳಾಗಿವೆ.

ಈ ಪ್ರಶ್ನೆಗಳಿಗೆ ಕ್ಯಾಮೆರಾದ ಸಾಮರ್ಥ್ಯವನ್ನೇ ಮಾನದಂಡವಾಗಿ ಹಿಡಿಯುವುದು ಈಗಿನ ರೂಢಿ. ನನ್ನ ಅಭಿಪ್ರಾಯದಲ್ಲಿ ಮಾನದಂಡವಾಗತಕ್ಕದ್ದು ಶ್ರೋತೃವಿನ ಸ್ಥಿತಿ. ಅದರಲ್ಲಿಯೂ ಎಲ್ಲರಿಗಿಂತ ಹೆಚ್ಚು ಅನನುಕೂಲದಲ್ಲಿರುವ ಶ್ರೋತೃವಿನ ಸ್ಥಿತಿ. ಮುತ್ತಿನಕೊಪ್ಪದಿಂದ ಕೊಪ್ಪ ಶೃಂಗೇರಿಗಳವರೆಗೆ ಹಬ್ಬಿರುವ ನಮ್ಮ ಈ ಮಲೆಸೀಮೆಯಲ್ಲಿ ಗುಡ್ಡದ ನೆತ್ತಿಯ ಮೇಲೆ ದೊರೆಯುವ ಸಿಗ್ನಲ್ ಅದರ ಬುಡದ ಮನೆಯಲ್ಲಿ ದೊರೆಯುವುದೆಂಬ ಭರವಸೆಯಿಲ್ಲ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಛಾಯಾಚಿತ್ರವನ್ನು ನಾಡೆಲ್ಲ ನೋಡಿತು. ಆ ಬಾಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆರಿಸಿದ ಯಾವ ಸೆಟ್ಟಿಂಗೂ ಸರಿಯಾದ ಆಯ್ಕೆಯಾಗಲಾರದು. ಸೆಕೆಂಡಿಗೆ 5 ಮೆಗಾಬಿಟ್‌ಗಳ ಪ್ರಮಾಣದಲ್ಲಿ ಸಿದ್ಧವಾದ ಒಂದು ಗಂಟೆಯ ಉಪನ್ಯಾಸವು 2.25 ಜಿಬಿಯಷ್ಟಾಗುತ್ತದೆ, ದಿನಕ್ಕೆ 1.5 ಜಿಬಿ ಡೇಟಾ ಹಾಕಿಸಿಕೊಂಡ ಮನೆಯಲ್ಲಿ ಅದು ಮುಗಿಯುವುದಕ್ಕೆ ಮೊದಲೇ ದಿನದ ಪಾಲು ಮುಗಿದಿರುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಪ್ರಥಮ ಸ್ಥಾನವು ಸಲ್ಲತಕ್ಕದ್ದು ಧ್ವನಿಗೆ. ಚಿತ್ರ ಮಸುಕಾದರೂ ಮಾತು ಸ್ಪಷ್ಟವಾಗಿದ್ದರೆ ಪಾಠವು ಉಳಿಯುತ್ತದೆ. ಮಾತು ಕೆಟ್ಟಮೇಲೆ ಚಿತ್ರವು ಎಷ್ಟು ಉಜ್ಜ್ವಲವಾಗಿದ್ದರೇನು ಪ್ರಯೋಜನ? ಹಾಗಿದ್ದರೂ ಕೋಣೆಯ ಹಿಂಬದಿಯಲ್ಲಿಟ್ಟ ಮೊಬೈಲಿನ ಮೈಕನ್ನೇ ನಂಬಿ, ಹಂಚಿನ ಅಥವಾ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುತ್ತಿರುವಾಗ ಮುದ್ರಿಸಿದ ಉಪನ್ಯಾಸಗಳು ಎಷ್ಟೋ ಇವೆ. ಮೈಕಿಗೂ ಬಾಯಿಗೂ ಇರುವ ಅಂತರವು ಅರ್ಧಕ್ಕಿಳಿದಾಗಲೆಲ್ಲ ಮಾತಿನ ಬಲವು ಸುಮಾರು 6 ಡೆಸಿಬಲ್ ಏರುತ್ತದೆಯೇ ಹೊರತು ಮಾಡಿನ ಮೇಲಿನ ಮಳೆಯ ಸದ್ದು ಏರುವುದಿಲ್ಲವಾದುದರಿಂದ, ಅಂಗಿಗೆ ಸಿಕ್ಕಿಸುವ ಸಾಮಾನ್ಯ ಬೆಲೆಯ ಮೈಕು ದೂರದಲ್ಲಿಟ್ಟ ಬೆಲೆಬಾಳುವ ಕ್ಯಾಮೆರಾಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡುತ್ತದೆ. ಧ್ವನಿಯ ಮಾದರಿಗಳು ಸೆಕೆಂಡಿಗೆ 48,000 ಇರಲಿ. ಹಳೆಯ ಟೆಲಿಫೋನಿನಂತೆ 8,000 ಮಾತ್ರ ಇದ್ದರೆ 4,000 ಹರ್ಟ್ಸ್‌ಗಿಂತ ಮೇಲಿನ ಅಂಶವೆಲ್ಲ ಲುಪ್ತವಾಗಿ, ಸಕಾರದ ಶಕ್ತಿಯ ಬಹುಭಾಗವು ಅಲ್ಲಿಯೇ ಇರುವುದರಿಂದ, ಶಕಾರ ಸಕಾರಗಳ ಭೇದವೇ ಮಸುಕಾಗುತ್ತದೆ. ಗಣೇಶ ಚತುರ್ಥಿಯ ಕಾಲಕ್ಕೆ ಶೃಂಗೇರಿಯಲ್ಲಿ ನಡೆಯುವ ವಾಕ್ಯಾರ್ಥ ವಿದ್ವತ್ಸಭೆಯಂತಹ ಸಂದರ್ಭದಲ್ಲಿ ಒಂದು ವರ್ಣದ ಅಸ್ಪಷ್ಟತೆಯೂ ಅರ್ಥದ ಹಾನಿಯಾದೀತು. ಪೂರ್ವಪಕ್ಷ ಸಿದ್ಧಾಂತಗಳು ಎದುರುಬದುರಾಗಿ ನಡೆಯುವ ಅಂತಹ ಸಭೆಗೆ ಒಂದೇ ಮೈಕು ಸಾಲದು. ಪ್ರತಿಯೊಬ್ಬ ವಿದ್ವಾಂಸರ ಮುಂದೆಯೂ ಒಂದೊಂದು ಇರತಕ್ಕದ್ದು. ಇನ್ನು ಗರಿಷ್ಠ ಮಿತಿಯನ್ನು ಮೀರಿ ಒಡೆದ ಧ್ವನಿಯನ್ನು ಯಾವ ಸಂಕಲನವೂ ಪೂರ್ತಿಯಾಗಿ ಸರಿಪಡಿಸಲಾರದಾದ್ದರಿಂದ, ಆ ಮಿತಿಗಿಂತ 6ರಿಂದ 12 ಡೆಸಿಬಲ್ ಕೆಳಗೆ ಮಟ್ಟವನ್ನು ನಿಲ್ಲಿಸುವುದೇ ವಿವೇಕ.

ಎರಡನೆಯ ಸ್ಥಾನವು ಅಕ್ಷರಕ್ಕೆ. ಕನ್ನಡದ ಲಿಪಿಯಲ್ಲಿ ಮೂಲಾಕ್ಷರದ ಮೇಲೆ ಗುಣಿತದ ಚಿಹ್ನೆಯೂ ಕೆಳಗೆ ಒತ್ತಕ್ಷರವೂ ಸೇರಿ ಒಂದೇ ಸಾಲಿನಲ್ಲಿ ಮೂರು ಅಂತಸ್ತುಗಳು ನಿಲ್ಲುವುದರಿಂದ, ಇಂಗ್ಲಿಷಿಗೆ ಸಾಕಾಗುವ ಅಕ್ಷರಗಾತ್ರವು ನಮಗೆ ಸಾಲದು. 1080 ರೇಖೆಗಳ ಪರದೆಯಲ್ಲಿ ಅಂದವಾಗಿ ಕಂಡ ಒತ್ತು 480 ರೇಖೆಗಳಿಗೆ ಇಳಿದಾಗ ಬರಿಯ ಮಚ್ಚೆಯಾಗುತ್ತದೆ. ಪರದೆಯ ಎತ್ತರದ ಹನ್ನೆರಡರಲ್ಲಿ ಒಂದು ಭಾಗಕ್ಕಿಂತ ಯಾವ ಸಾಲೂ ಚಿಕ್ಕದಾಗಬಾರದೆಂಬ ನಿಯಮವನ್ನಿಟ್ಟುಕೊಂಡರೆ, 480ರಲ್ಲಿಯೂ ಪ್ರತಿ ಸಾಲಿಗೆ 40 ರೇಖೆಗಳು ದೊರೆತು ಓದು ಸಾಧ್ಯವಾಗುತ್ತದೆ. ವರ್ಣಗಳ ವಿಷಯದಲ್ಲಿಯೂ ಎಚ್ಚರವು ಅವಶ್ಯಕ. ಸಾಮಾನ್ಯ ವಿಡಿಯೊಗಳಲ್ಲಿ ಬೆಳಕಿನ ವಿವರವು ಪೂರ್ಣವಾಗಿ ಉಳಿದು ಬಣ್ಣದ ವಿವರವು ಉದ್ದಗಲಗಳೆರಡರಲ್ಲಿಯೂ ಅರ್ಧಕ್ಕೆ ಇಳಿಯುವುದರಿಂದ, ನೀಲಿಯ ಮೇಲೆ ಬರೆದ ಕೆಂಪಕ್ಷರದ ಅಂಚು ಕದಡುತ್ತದೆ. ಬಿಳಿಯ ಮೇಲೆ ಕಪ್ಪು ಕದಡುವುದಿಲ್ಲ.

ಅಧ್ಯಾಪಕರ ಮುಖವೂ ಕೋಣೆಯ ದೃಶ್ಯವೂ ಬರುವುದು ಇವೆರಡರ ಅನಂತರ. ಸೆಕೆಂಡಿಗೆ 60 ಫ್ರೇಮುಗಳು ಕ್ರೀಡೆಗೆ ಬೇಕಾದಾವು, ಉಪನ್ಯಾಸಕ್ಕೆ 25 ಧಾರಾಳವಾಗಿ ಸಾಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾಗಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಡಿಯುವುದರಿಂದ, 25 ಫ್ರೇಮಿನೊಡನೆ ಐವತ್ತರಲ್ಲೊಂದು ಸೆಕೆಂಡಿನ ಷಟರ್ ಇಟ್ಟರೆ ಚಿತ್ರವು ಮಿನುಗದೆ ನಿಲ್ಲುತ್ತದೆ. ಅಡಕೆ ತೋಟವನ್ನು ಹಿನ್ನೆಲೆಯಾಗಿಟ್ಟು ಮುದ್ರಿಸುವ ಆಸೆ ನಮ್ಮ ಕಡೆಯವರಿಗೆ ಸಹಜವಾದುದೇ. ಆದರೆ ವಿಡಿಯೊದ ಸಂಕೋಚನವು ಮುಖ್ಯವಾಗಿ ಫ್ರೇಮಿನಿಂದ ಫ್ರೇಮಿಗೆ ಆದ ವ್ಯತ್ಯಾಸವನ್ನೇ ಬರೆದಿಡುವುದರಿಂದ, ಅಲುಗಾಡುವ ಒಂದೊಂದು ಸೋಗೆಯೂ ಅಕ್ಷರಕ್ಕೂ ಮುಖಕ್ಕೂ ಸಲ್ಲಬೇಕಾದ ಬಿಟ್ಟುಗಳನ್ನು ಕಬಳಿಸುತ್ತದೆ. ನಿಶ್ಚಲವಾದ ಗೋಡೆಯೂ ಸಮೃದ್ಧವಾದ ಬೆಳಕೂ ಇದ್ದರೆ ಕಡಮೆ ಬಿಟ್‌ರೇಟಿನಲ್ಲಿಯೂ ಚಿತ್ರವು ಸ್ವಚ್ಛವಾಗಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಿತ್ಯವ್ಯವಹಾರವಾದ ಊರುಗಳಲ್ಲಿ ಕಂಪ್ಯೂಟರಿನಲ್ಲಿ ಮುದ್ರಿಸುವವರು ಇನ್ನೊಂದನ್ನೂ ಗಮನಿಸಬೇಕು: ಎಂಪಿ4 ಕಡತದ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುವುದರಿಂದ ನಡುವೆ ವಿದ್ಯುತ್ ಹೋದರೆ ಇಡೀ ಉಪನ್ಯಾಸವೇ ತೆರೆಯದೆ ಹೋಗಬಹುದು, ಎಂಕೆವಿ ಎಂಬ ರೂಪದಲ್ಲಿ ಅಲ್ಲಿಯವರೆಗಿನ ಭಾಗವು ಉಳಿಯುತ್ತದೆ.

ಸಂಕಲನದ ಹಂತದಲ್ಲಿ ಕಾಣುವ ದೋಷಗಳಲ್ಲಿ ಮುಖ್ಯವಾದುವು ಎರಡು. ಅನೇಕ ಮೊಬೈಲುಗಳು ಫ್ರೇಮುಗಳ ವೇಗವನ್ನು ಬೆಳಕಿಗನುಗುಣವಾಗಿ ಬದಲಿಸುತ್ತ ಹೋಗುವುದರಿಂದ, ಅದನ್ನು ಸ್ಥಿರ ವೇಗಕ್ಕೆ ಪರಿವರ್ತಿಸದೆ ಎಡಿಟಿಂಗಿಗೆ ತೊಡಗಿದರೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವ ಸಂಭವವುಂಟು. ಒಮ್ಮೆ ಸಂಕೋಚಿಸಿದುದನ್ನು ಮತ್ತೆ ಮತ್ತೆ ಸಂಕೋಚಿಸುವುದು ಎರಡನೆಯ ದೋಷ. ಪ್ರತಿ ಸಲವೂ ಏನಾದರೊಂದು ನಷ್ಟವಾಗುವುದರಿಂದ ಮೂಲಪ್ರತಿಯನ್ನು ಉತ್ತಮ ಗುಣಮಟ್ಟದಲ್ಲಿ ಕಾಪಾಡಿ, ಉಳಿದೆಲ್ಲ ಪ್ರತಿಗಳನ್ನೂ ಅದರಿಂದಲೇ ತೆಗೆಯತಕ್ಕದ್ದು. ಗಂಟೆಯ ಪಾಠವನ್ನು ವಿಷಯಕ್ಕೊಂದರಂತೆ ಹತ್ತು ಹದಿನೈದು ನಿಮಿಷಗಳ ಭಾಗಗಳಾಗಿ ಒಡೆಯುವುದು ಮೆಚ್ಚತಕ್ಕ ಕ್ರಮ: ನೆಟ್‌ವರ್ಕ್ ಕಡಿದುಹೋದರೂ ಆಗ ಕಳೆದುಕೊಳ್ಳುವುದು ಒಂದು ಭಾಗವನ್ನು ಮಾತ್ರ. ಆದರೆ ಅಧ್ಯಾಪಕರು ಯೋಚಿಸಲು ನಿಂತ ಕ್ಷಣಗಳನ್ನೆಲ್ಲ ಕತ್ತರಿಸುವ ಚಾಪಲ್ಯವು ಮೆಚ್ಚತಕ್ಕದ್ದಲ್ಲ. ಆ ವಿರಾಮದಲ್ಲಿಯೇ ವಿದ್ಯಾರ್ಥಿಯೂ ಯೋಚಿಸುತ್ತಾನೆ.

ಪ್ರಕಟಣೆಯಲ್ಲಿ ಯೂಟ್ಯೂಬಿಗೆ ಉತ್ತಮ ಪ್ರತಿಯನ್ನೇ ಕೊಡುವುದು ಯುಕ್ತ, ಏಕೆಂದರೆ ಅದು ತಾನೇ ಹಲವು ಗಾತ್ರಗಳಿಗೆ ಇಳಿಸಿಕೊಳ್ಳುತ್ತದೆ. ಪೆನ್‌ಡ್ರೈವಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ಹಂಚುವ ಪ್ರತಿಗಾದರೋ 480 ರೇಖೆಗಳೂ ಸೆಕೆಂಡಿಗೆ ಅರ್ಧ ಮೆಗಾಬಿಟ್ಟೂ ಸಾಕು. ಗಂಟೆಗೆ 225 ಎಂಬಿ ಆಗುತ್ತದೆ. ಧ್ವನಿಯೊಂದನ್ನೇ ಸೆಕೆಂಡಿಗೆ 64 ಕಿಲೋಬಿಟ್‌ಗಳಲ್ಲಿ ಕೊಟ್ಟರೆ ಗಂಟೆಗೆ 29 ಎಂಬಿಗೆ ಮುಗಿಯುತ್ತದೆ.

ಶ್ರೋತೃವಿನ ಸ್ಥಿತಿಯೆಂಬ ಮಾನದಂಡದಿಂದ ಅಳೆದಾಗ, ಡೇಟಾದ ಹಂಗಿಲ್ಲದೆ ಮನೆಯ ಟೀವಿಗೆ ಪಾಠವನ್ನು ತಂದ ಚಂದನದ ಪ್ರಯತ್ನವು ಶ್ಲಾಘ್ಯವಾದುದು. ಆದರೆ ಪ್ರಸಾರವನ್ನು ವಿದ್ಯಾರ್ಥಿಯು ನಿಲ್ಲಿಸಿ ಮರಳಿ ಕೇಳಲಾರನೆಂಬುದು ಅದರ ಸಹಜ ಮಿತಿ. ಎನ್‌ಪಿಟಿಇಎಲ್ ಉಪನ್ಯಾಸಗಳ ನಿಜವಾದ ಹಿರಿಮೆಯು ಚಿತ್ರದ ಸೊಬಗಿನಲ್ಲಿಲ್ಲ. ಮಾತಿನ ಬರಹರೂಪವನ್ನೂ ಒದಗಿಸಿ, ಅದನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಇಳಿಸಲು ತೊಡಗಿದುದರಲ್ಲಿದೆ. ಈ ಮಾರ್ಗವನ್ನು ನಮ್ಮ ವಿಶ್ವವಿದ್ಯಾಲಯಗಳೂ ತಾಲ್ಲೂಕು ಕಾಲೇಜುಗಳೂ ಕಡ್ಡಾಯವೆಂಬಂತೆ ಅನುಸರಿಸಬೇಕು. ಪ್ರತಿಯೊಂದು ಉಪನ್ಯಾಸವೂ ದೊಡ್ಡ ವಿಡಿಯೊ, ಚಿಕ್ಕ ವಿಡಿಯೊ, ಧ್ವನಿ, ಬರಹ ಎಂಬ ನಾಲ್ಕು ರೂಪಗಳಲ್ಲಿ ಹೊರಬರಲಿ. ಸಲಕರಣೆಗಾಗಿ ಮಂಜೂರಾದ ಹಣದಲ್ಲಿ ಮೊದಲ ಪಾಲು ಮೈಕಿಗೂ ಬರಹಕ್ಕೂ ಸಲ್ಲಲಿ. ಚಿತ್ರದ ವೈಭವಕ್ಕೆ ಅದರ ಅನಂತರ ಅವಕಾಶವುಂಟು.