ಬೆವರಿಗೆ ಬೇಕಾದದ್ದು ಉಪ್ಪು, ಎಳನೀರಲ್ಲ

ವ್ಯಾಯಾಮ ಮುಗಿದ ಮೇಲೆ ಎಳನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ ಎಂಬ ಮಾತನ್ನು ದಕ್ಷಿಣ ಬೆಂಗಳೂರಿನಲ್ಲಿ ಪ್ರಶ್ನಿಸುವವರೇ ಇಲ್ಲ. ಲಾಲ್‌ಬಾಗಿನ ಪಶ್ಚಿಮ ದ್ವಾರ, ಜಯನಗರದ ಮಾಧವನ್ ಪಾರ್ಕು, ಜೆ.ಪಿ. ನಗರದ ಮಿನಿ ಫಾರೆಸ್ಟ್, ಎಲ್ಲಿ ವಾಕಿಂಗ್ ಇದೆಯೋ ಅಲ್ಲಿ ಎಳನೀರಿನ ಗಾಡಿಯೂ ಇರುತ್ತದೆ. "ನೀರಿಂದಾ, ಗಂಜಿದಾ?" ಎಂದು ಕೇಳಿ, ಮಚ್ಚಿನಲ್ಲಿ ನೆತ್ತಿ ಕೆತ್ತಿ ಕೊಡುತ್ತಾರೆ. ರುಚಿಯಲ್ಲಿ, ತಾಜಾತನದಲ್ಲಿ ಅದಕ್ಕೆ ಸಾಟಿಯಿಲ್ಲ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಬರುವ ಈ ಕಾಯಿಗಳಿಂದ ಮಂಡ್ಯ ಕಡೆಯ ಎಷ್ಟೋ ಮನೆಗಳು ನಡೆಯುತ್ತವೆ. ನನ್ನ ತಕರಾರು ಎಳನೀರಿನ ಮೇಲಲ್ಲ, ಅದರ ತಲೆಗೆ ಕಟ್ಟಿರುವ ಗುಣದ ಮೇಲೆ.

ಕಪ್ಪು ಟೀ ಶರ್ಟ್ ಹಾಕಿಕೊಂಡು ಎರಡು ಗಂಟೆ ಓಡಿದವರ ಬೆನ್ನು ನೋಡಿ. ಬಟ್ಟೆ ಒಣಗುತ್ತಿದ್ದಂತೆ ಬಿಳಿ ಗೆರೆಗಳು ಮೂಡುತ್ತವೆ. ಅದು ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ 500ರಿಂದ 1,500 ಮಿಲಿಗ್ರಾಂ ಸೋಡಿಯಂ ಹೋಗುತ್ತದೆ, ಪೊಟ್ಯಾಸಿಯಂ ಹೋಗುವುದು 200 ಮಿಲಿಗ್ರಾಂ ಆಸುಪಾಸು. ಎಳನೀರಿನದು ಇದಕ್ಕೆ ತಿರುಗುಮುರುಗು. ತಳಿ, ಮಣ್ಣು, ಕಾಯಿ ಬಲಿತ ಮಟ್ಟ ಇವುಗಳ ಮೇಲೆ ಅಂಕಿ ಏರುಪೇರಾಗುತ್ತದಾದರೂ ಲೀಟರಿಗೆ ಸುಮಾರು 2 ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಸೋಡಿಯಂ ಅದಕ್ಕಿಂತ ಬಹಳ ಕಡಿಮೆ. ಹೆಚ್ಚು ಕಳೆದುಕೊಂಡದ್ದನ್ನು ಕಡಿಮೆ ಕೊಟ್ಟು, ಕಡಿಮೆ ಕಳೆದುಕೊಂಡದ್ದನ್ನು ಧಾರಾಳವಾಗಿ ಸುರಿಯುವ ಪಾನೀಯ ಬೆವರಿಗೆ ಹೇಗೆ ಸರಿಹೊಂದೀತು? ಕುಡಿದ ನೀರು ಮೂತ್ರವಾಗಿ ಹೊರಟುಹೋಗದೆ ಮೈಯಲ್ಲಿ ನಿಲ್ಲಬೇಕಾದರೆ ಮುಖ್ಯವಾಗಿ ಸೋಡಿಯಂ ಬೇಕು.

ಮುಕ್ಕಾಲು ಗಂಟೆ ನಡೆದು ಬಂದವರಿಗಂತೂ ಈ ಲೆಕ್ಕವೇ ಬೇಡ. ಅವರಿಗೆ ನೀರು ಸಾಕು, ಉಪ್ಪು ತಿಂಡಿಯ ಜೊತೆ ತಾನಾಗಿ ಬರುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 12 ಗಂಡಸರನ್ನು ಬೆವರಿಳಿಸಿ, ಬೇರೆ ಬೇರೆ ಸರದಿಯಲ್ಲಿ ಎಳನೀರು, ಸ್ಪೋರ್ಟ್ಸ್ ಡ್ರಿಂಕ್, ಬರೀ ನೀರು ಕುಡಿಸಿ ಮತ್ತೆ ಟ್ರೆಡ್‌ಮಿಲ್ ಹತ್ತಿಸಿದರು. ಅವರ ಓಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಳನೀರು ಕುಡಿದಾಗ ಹೊಟ್ಟೆ ಉಬ್ಬರಿಸಿದ್ದು ಮಾತ್ರ ಹೆಚ್ಚು. ಎಳನೀರನ್ನು ರಕ್ತನಾಳಕ್ಕೇ ಏರಿಸಿದ್ದರಂತಲ್ಲ ಎಂದು ಕೆಲವರು ವಾದಿಸುತ್ತಾರೆ. ಬೇರೇನೂ ಸಿಗದ ಕಡೆ ತುರ್ತಿಗೆ ಹಾಗೆ ಮಾಡಿದ ದಾಖಲೆ ಇದೆ, ನಿಜ. ಗತಿಯಿಲ್ಲದಾಗ ಬಳಸಿದ್ದು ಗತಿಯಿದ್ದಾಗಲೂ ಶ್ರೇಷ್ಠ ಎನ್ನಲು ಅದು ಸಾಲದು.

ಉದ್ದ ಓಡುವವರಿಗೆ ಉತ್ತರ ನಮ್ಮ ಬೀದಿಗಳಲ್ಲೇ ಇದೆ. ರಾಮನವಮಿಯ ದಿನ ಬಿರುಬಿಸಿಲಿನಲ್ಲಿ ಜಯನಗರ, ಬನಶಂಕರಿಯ ಪೆಂಡಾಲುಗಳಲ್ಲಿ ಪಾನಕದ ಜೊತೆ ಹಂಚುವ ನೀರುಮಜ್ಜಿಗೆಯಲ್ಲಿ ನೀರೂ ಇದೆ, ಉಪ್ಪೂ ಇದೆ. ಹೊಲದಲ್ಲಿ ಬೆವರು ಸುರಿಸುವವರು ಉಪ್ಪು, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕುಡಿಯುತ್ತಾರೆ. ಅದೂ ಆಗದಿದ್ದರೆ ಒಂದು ಲೀಟರ್ ನಿಂಬೆ ಶರಬತ್ತಿಗೆ ಕಾಲು ಟೀ ಚಮಚ ಉಪ್ಪು ಹಾಕಿದರಾಯಿತು, ಸುಮಾರು 600 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ. ಒಂದು ಎಳನೀರಿನ ದುಡ್ಡಿಗೆ ಇಡೀ ಮನೆಗಾಗುವಷ್ಟು ಮಜ್ಜಿಗೆ ಕಡೆಯಬಹುದು.

ಇಷ್ಟಪಟ್ಟು ಕುಡಿಯುವವರು ಕುಡಿಯಲಿ. ನನಗೆ ನಿಜವಾಗಿ ಭಯವಾಗುವುದು ಪಾರ್ಕಿನ ಹಿರಿಯರ ಬಗ್ಗೆ. ಮೂತ್ರಪಿಂಡ ಸೊರಗಿದವರಿಗೆ, ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ನುಂಗುವವರಿಗೆ ಹೆಚ್ಚಿನ ಪೊಟ್ಯಾಸಿಯಂ ಹೊರಹಾಕುವುದು ಕಷ್ಟ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಅಂಥವರಿಗೂ "ದಿನಾ ಒಂದು ಎಳನೀರು ಕುಡೀರಿ ಸಾರ್, ಏನೂ ಆಗಲ್ಲ" ಎಂದು ಕಲ್ಲುಬೆಂಚಿನ ಮೇಲೆ ಕೂತು ಸಲಹೆ ಕೊಡುವುದನ್ನು ಮೊದಲು ನಿಲ್ಲಿಸಬೇಕು. ಅವರು ಕೇಳಬೇಕಾದದ್ದು ತಮ್ಮ ಡಾಕ್ಟರನ್ನು.